ನೀಲಿ ದೀಪದ ಹಳೀ ಡಬ್ಬಿ

೧೨ ಫೆಬ್ರುವರಿ ೨೦೦೭, ವಾಡಿ

ಗುಲಬರ್ಗಾ ದವಾಖಾನಿಯಿಂದ ಇವರನ್ನ ಮನಿಗೆ ಕರ್ಕೊಂಡು ಬಂದೀವಿ. ಲಕ್ವಾ ಹೊಡದು ಬಲಗೈ ಬಲಗಾಲು ಎರಡೂ ಮಾತು ಕೇಳವಲ್ವು. ಬಾಯಿ ಅಂತೂ ಬಂದ್ ಆಗಿಬಿಟ್ಟದ. ಉಳದದ್ದು ಒಂದೇ ಶಬ್ದ, ‘ಅವ್ವ’. ನೀರು ಬೇಕಂದ್ರ ಅವ್ವ, ಫ್ಯಾನ್ ಬಂದ್ ಮಾಡಂದ್ರ ಅವ್ವ, ನಾ ಎದುರು ಬಂದು ನಿಂತ್ರೂ ಅವ್ವ. ಅತ್ತಿಯವರು ಪ್ರತಿ ಸಲ ‘ಏನಪಾ ಕೂಸಾ’ ಅಂತ ಅಡಗಿಮನಿಯಿಂದ ಓಡಿ ಬರತಾರ. ಆ ವಯಸ್ಸಿನ್ಯಾಗ ಅವರ ಕಾಲಿಗೆ ಎಲ್ಲಿಂದ ಕಸುವು ಬಂತೋ.

ನಾ ದಿನಚರಿ ಬರಿಯೋ ಪೈಕಿ ಅಲ್ಲ. ಸಾಲ್ಯಾಗ ಹುಡುಗ್ಯಾರಿಗೆ ವಿಜ್ಞಾನ ಕಲಸಾಕಿ, ಪ್ರಯೋಗದ ವರದಿ ಬಿಟ್ಟು ಬ್ಯಾರೆ ಏನೂ ಬರದಿಲ್ಲ. ಈಗ ರಜಾ ಹಾಕಿ ಮನ್ಯಾಗ ಕುಂತೀನಿ. ಮಾತಾಡ್ಲಿಕ್ಕೆ ಯಾರೂ ಇಲ್ಲ, ಬಾಯಿ ತುರಸ್ತದ. ಅದಕ್ಕ ಇದು.

ಒಂದು ಮಾತು ಮನಸ್ಸಿನ್ಯಾಗ ಕುಂತು ಎದ್ದೇ ಏಳವಲ್ದು. ದವಾಖಾನಿಯೊಳಗ ಡಾಕ್ಟರ್ ನನ್ನ ಕಡೆ ಬೆರಳು ಮಾಡಿ, ‘ಇವರು ಯಾರು? ಹೆಸರು ಹೇಳಿ’ ಅಂತ ಕೇಳಿದ್ರು. ಇವರು ನನ್ನ ಮಾರಿ ನೋಡಿದ್ರು, ಗ್ವಾಡಿ ನೋಡಿದ್ರು, ಕಣ್ಣಾಗ ನೀರು ತಂದ್ಕೊಂಡು ಆಕಡೆ ಹೊಳ್ಳಿದ್ರು. ಹೆಂಡತಿ ಗುರುತು ಸಿಗೂದು ಅನುಮಾನ ಅಂತ ಡಾಕ್ಟರ್ ನರ್ಸಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಇಪ್ಪತ್ತಮೂರು ವರ್ಷ ಇವರ ಜೋಡಿ ಸಂಸಾರ ಮಾಡೀನಿ. ಅವ್ವನ ಗುರುತು ಉಳದದ, ನನ್ನದು ಅಳಿಸಿ ಹೋಗ್ಯದ. ಹೊಟ್ಟಿ ಉರೀತದ, ಸುಳ್ಳು ಯಾಕ ಹೇಳಲಿ. ನಾ ಯಾರಂತ ಇವರಿಗೆ ಗೊತ್ತದನೋ ಇಲ್ಲೋ, ಅದೊಂದು ತಿಳದ್ರ ಸಾಕಾಗ್ಯದ ನನಗ.

೨೩ ಫೆಬ್ರುವರಿ

ಇವತ್ತು ಮಾತಿನ ಡಾಕ್ಟರ್ ಹತ್ರ ಹೋಗಿದ್ವಿ. ಬೆಂಗಳೂರು ಕಡೆಯಾಕಿ, ಸಣ್ಣ ವಯಸ್ಸು, ಸ್ವಭಾವ ಚಲೋ ಅದ. ‘ಮೇಡಂ, ದಿನಾ ಬೆಳಗ್ಗೆ ನೀವು ಅವರ ಹೆಸರು ಹಿಡಿದು ಕರೀಬೇಕು. ಅವರು ತಿರುಗಿ ನೋಡಬೇಕು’ ಅಂದ್ಲು. ನಾ ಹೂಂ ಅಂದೆ. ಹೊರಗ ಬಂದಮ್ಯಾಲ ನಗು ಬಂತು. ನಾ? ಇವರ ಹೆಸರು? ಸಾಲಿ ಫಾರ್ಮಿನ್ಯಾಗ ಬರದೀನಿ, ಅದು ಸರಕಾರದ ಸಲುವಾಗಿ. ಬಾಯಿಲೆ ಒಮ್ಮೆನೂ ಅಂದಿಲ್ಲ. ಇಲ್ಲಿ ಯಾರೂ ನೋಡಾವರಿಲ್ಲ, ಆದ್ರೂ ಬರೀಲಿಕ್ಕೆ ಪೆನ್ನು ಏಳವಲ್ದು. ವಿಜ್ಞಾನದ ಟೀಚರಂತ, ನಾಚಿಕಿ ಬರಬೇಕು ನನಗ. ಆ ಕೆಲಸ ಅತ್ತಿಯವರಿಗೆ ಒಪ್ಪಿಸೀನಿ.

ನಗಿಯೆಲ್ಲ ಅಲ್ಲೀತನಕ. ಅದಕ್ಕೂ ಮೊದಲ ಒಳಗ ಆಕಿ ಇವರನ್ನ ಕೇಳಿದ್ಲು, ‘ವಿಜಯಶ್ರೀ ಎಲ್ಲಿದ್ದಾರೆ? ತೋರಿಸಿ.’ ಇವರು ಬಾಗಲ ಕಡೆ ನೋಡಿದ್ರು. ಯಾರೋ ಹೊರಗಿನಾಕಿ ಈಗ ಬರತಾಳ ಅನ್ನೋಹಂಗ ಕಾದು ನೋಡಿದ್ರು. ನಾ ಮಗ್ಗಲದಾಗೇ ಕುಂತಿದ್ದೆ, ಇವರ ಕೈ ನನ್ನ ಕೈಯಾಗಿತ್ತು. ಅಲ್ಲೇ ಎದ್ದು ಬರಬೇಕು ಅನಿಸ್ತು.

೪ ಮಾರ್ಚ್, ರವಿವಾರ

ಇವತ್ತೊಂದು ವಿಚಿತ್ರ ನೋಡಿದೆ. ಇವರು ಮಲಗಿದಲ್ಲೇ ಎಡಗೈಯ ಎರಡು ಬೆರಳು ಚಾದರದ ಮ್ಯಾಲ ಒತ್ತಲಿಕತ್ತಿದ್ರು. ಒಂದು ಆಕಡೆ, ಒಂದು ಈಕಡೆ. ಸ್ವಲ್ಪ ತಡದು ಮತ್ತ ಆಕಡೆ, ಆಕಡೆ, ಆಕಡೆ. ಅತ್ತಿಯವರು ‘ಜಪ ಮಾಡ್ಲಿಕತ್ತಾನ’ ಅಂತ ಕೈ ಮುಗದ್ರು. ಜಪ ಅಲ್ಲ, ಜಪಕ್ಕ ಹೆಬ್ಬೆರಳು ಓಡಾಡಬೇಕು. ನಾ ಕುರ್ಚಿ ಎಳಕೊಂಡು ಕುಂತು ಭಾಳ ಹೊತ್ತು ನೋಡಿದೆ. ಏನೋ ಒಂದು ಲೆಕ್ಕ ಅದ ಅದರಾಗ, ಸುಮ್ನ ನಡಗೂದಲ್ಲ.

ಧನಶ್ರೀಗೆ ಫೋನ್ ಹಚ್ಚಿದೆ. ನಮ್ಮ ಒಬ್ಬಾಕಿ ಮಗಳು, ಗುಲಬರ್ಗಾದಾಗ ಹಾಸ್ಟೆಲಿನ್ಯಾಗ ಇದ್ದು ಓದತಾಳ. ಕೇಳಿದಕೂಡ್ಲೇ ನಕ್ಳು. ‘ಅಮ್ಮಾ, ಅಪ್ಪ ಫರ್ಸಿ ಆಟ ಆಡ್ಲಿಕತ್ತಾರ!’

ಇವರ ಸಿಮೆಂಟ್ ಕಾರ್ಖಾನಿಯ ಹಾಜರಿ ಹಿಡಿಯೋ ಟೈಂ ಆಫೀಸಿನ ಕಂಪ್ಯೂಟರಿನ್ಯಾಗ ಒಂದು ಆಟ ಇತ್ತಂತ. ತಳದಾಗ ಒಂದು ಪಟ್ಟಿ, ಮ್ಯಾಲ ಸಾಲುಸಾಲು ಇಟ್ಟಂಗಿ. ಎರಡು ಗುಂಡಿಯಿಂದ ಪಟ್ಟಿ ಸರಿಸಿ ಚೆಂಡು ಬಡಿಬೇಕು, ಚೆಂಡು ಹೋಗಿ ಇಟ್ಟಂಗಿ ಒಡೀತದ. ಸುತ್ತೆಲ್ಲ ಶಹಾಬಾದಿ ಫರ್ಸಿ ಕಲ್ಲು ಒಡಿಯೋ ಊರುಗಳು, ಅದಕ್ಕ ಇವರು ಅದರ ಹೆಸರು ಫರ್ಸಿ ಆಟ ಅಂತ ಇಟ್ಟಾರ. ಮಗಳು ಸಣ್ಣಾಕಿ ಇದ್ದಾಗ ಒಮ್ಮೆ ಕರ್ಕೊಂಡು ಹೋಗಿ ತೋರಿಸಿದ್ರಂತ. ನನಗ ತೋರಿಸಿಲ್ಲ.

ಆಫೀಸಿನವರು ಆ ಕಂಪ್ಯೂಟರ್ ಒಗೀತೀವಿ ಅಂದಾಗ ಇವರು ಮನಿಗೆ ಹೊತ್ತು ತಂದ್ರು. ‘ಈ ಡಬ್ಬಿಯೊಳಗ ಉಪ್ಪಿನಕಾಯಿ ಹಾಕಲೇನು?’ ಅಂತ ನಾ ಜಗಳ ತೆಗದಿದ್ದೆ. ಇವರು ಮಾತಾಡದ ಅಟ್ಟಕ್ಕ ಏರಿಸಿ, ಹಳೀ ಧೋತರ ಹೊಚ್ಚಿ ಇಟ್ರು. ಎಂದರ ಬಾಯಿ ಬಿಟ್ಟು ಏನರ ಹೇಳಿದ ಪೈಕಿ ಏನು? ಕಿರಾಣಿಯಾಂವ ‘ಏನು ಕೊಡಲಿರಿ’ ಅಂದ್ರೂ ‘ಇಕೀಗೆ ಕೇಳ್ರಿ’ ಅಂತ ನನ್ನ ಮುಂದ ನೂಕಿ ತಾವು ಹಿಂದ ನಿಂದರೋರು.

ಏನಿತ್ತು ಆ ಡಬ್ಬಿಯೊಳಗ ಅಂಥಾದ್ದು? ನನ್ನ ಮಾರಿ ಮರತವರಿಗೆ ಆ ಎರಡು ಗುಂಡಿ ಹ್ಯಾಂಗ ನೆನಪುಳೀತು? ನೋಡೇ ಬಿಡಬೇಕು.

೬ ಮಾರ್ಚ್

ಡಬ್ಬಿ ಇಳಸಿದೆ. ಅತ್ತಿಯವರು ಮಡಿಯೊಳಗಿದ್ರೂ ಏಣಿ ಹಿಡದ್ರು, ಆಮ್ಯಾಲ ಬೈಕೋತ ಮತ್ತೊಮ್ಮೆ ಸ್ನಾನ ಮಾಡಿದ್ರು. ಒಳಗ ಹಲ್ಲಿ ತತ್ತಿ, ಇರವಿ, ನಮ್ಮೂರಿನ ಸಿಮೆಂಟ್ ಧೂಳು ಬಟ್ಟಲಗಟ್ಟಲೆ. ತಗಡು ತುಕ್ಕ ಹಿಡದು ಪುಡಿಪುಡಿ ಉದರತದ. ಪ್ಲಗ್ ಹಚ್ಚಿದೆ. ಢಬ್ ಅಂತು, ಮನಿ ಫ್ಯೂಜ್ ಹೋತು.

ಇವರು ಹಾಸಿಗಿ ಮ್ಯಾಲಿಂದ ನೋಡಿ ಎಡಗೈ ಎತ್ತಿ ಅಲ್ಲಾಡಿಸಿದ್ರು. ಬ್ಯಾಡ ಅಂತೋ, ಮೊದಲ ಧೂಳು ಝಾಡಿಸಬೇಕಿತ್ತು ಅಂತೋ ತಿಳೀಲಿಲ್ಲ. ಮನಿಗೆ ಬಂದಮ್ಯಾಲ ಇವರು ನನಗ ಏನರ ಹೇಳಿದ್ದು ಇದೇ ಮೊದಲ. ಅದೂ ಬೈಗಳ ಇದ್ದಂಗಿತ್ತು.

೧೧ ಮಾರ್ಚ್, ರವಿವಾರ

ಪ್ಯಾಸೆಂಜರ್ ಗಾಡಿಗೆ ಶಹಾಬಾದಕ್ಕ ಹೋಗಿ ಅಬ್ದುಲ್ ಕರೀಮ್ ಸಾಹೇಬ್ರನ್ನ ಕಂಡು ಬಂದೆ. ಇವರ ಜೋಡಿ ಟೈಂ ಆಫೀಸಿನ್ಯಾಗ ಕೆಲಸ ಮಾಡಿದವರು, ಈಗ ರಿಟೈರ್ ಆಗ್ಯಾರ. ಆಟದ ಫ್ಲಾಪಿ ಅವರ ಹತ್ರ ಇರಬೇಕು ಅಂತ ಮಗಳು ಅಂದಿದ್ಲು. ಖರೇನೇ ಇತ್ತು. ಸೂಜಿ ಗುಂಡಿ ಹಾಕೋ ಬಿಸ್ಕೀಟಿನ ಡಬ್ಬಿಯ ತಳದಾಗಿಂದ ತೆಗದ್ರು.

‘ಊಟದ ಛುಟ್ಟಿನ್ಯಾಗ ನಾವಿಬ್ಬರೂ ಆಡಾಕ ಕುಂದರತಿದ್ವಿ ಭಾಬೀ. ಒಮ್ಮೆನೂ ನಾ ಗೆದ್ದಿಲ್ಲ ನೋಡ್ರಿ, ಪಹಿಲಾ ನಂಬರ್ ಯಾವಾಗಲೂ ನಿಮ್ಮ ಸಾಹೇಬ್ರದೇ.’

‘ಎಷ್ಟೊತ್ತು ಆಡತಿದ್ರಿ?’ ವಕೀಲರ ಹಂಗ ಕೇಳಿದೆ ಅನಸ್ತದ, ಅವರು ಗಾಬರಿ ಆದ್ರು.

‘ಅರ್ಧಾ ತಾಸರಿ, ಖುದಾ ಕಸಮ್. ಮ್ಯಾನೇಜರ್ ಬರೂತನಕ ಅಷ್ಟೇ.’

ಆ ಅರ್ಧಾ ತಾಸಿನ ಮ್ಯಾಲೂ ನನಗ ಹೊಟ್ಟಿಕಿಚ್ಚು. ಮನ್ಯಾಗ ನನ್ನ ಜೋಡಿ ಅರ್ಧಾ ತಾಸು ಕುಂತು ಮಾತಾಡಿದ್ದು ನೆನಪಿಲ್ಲ.

೧೪ ಮಾರ್ಚ್

ಸ್ಟೇಷನ್ ರೋಡಿನ ಸೈಬರ್ ಕೆಫೆಯೊಳಗ ಫ್ಲಾಪಿ ಹಾಕಿಸಿದೆ. ಆಟ ಬಂತು, ಗುಂಡಿ ಒತ್ತೂದ್ರಾಗ ಮುಗದೂ ಹೋತು! ಚೆಂಡು ಕಣ್ಣಿಗೆ ಬೀಳಲೇ ಇಲ್ಲ. ಮತ್ತ ಆಡಿದೆ, ಮತ್ತ ಹಂಗೇ. ‘ಮೇಡಂ, ಹಳೀ ಆಟ ಇದು. ಕಂಪ್ಯೂಟರ್ ಎಷ್ಟು ಜೋರ್ ಇರತದೋ ಆಟನೂ ಅಷ್ಟೇ ಜೋರ್ ಓಡತದ’ ಅಂದ ಕೆಫೆಯಾಂವ.

ಮನಿತನಕ ಇದೇ ವಿಚಾರ ಮಾಡ್ಕೋತ ಬಂದೆ. ಎಂಥಾ ಮಜಾ ನೋಡು, ಆ ಆಟಕ್ಕ ತಂದಂಬೋ ಗಡಿಯಾರನೇ ಇಲ್ಲ, ಕಂಪ್ಯೂಟರಿನ ಓಟನೇ ಅದರ ಗಡಿಯಾರ. ಹೊಸಾದ್ರಾಗ ಹಾಕಿದ್ರ ಹುಚ್ಚು ಹಿಡದಂಗ ಓಡತದ. ಇವರ ಎಡಗೈಗೆ ಹಳೀ ಡಬ್ಬಿಯೊಳಗಿನ ಬೋರ್ಡೇ ಬೇಕು, ಅದರ ನಿಧಾನನೇ ಬೇಕು. ಅದು ಸುಟ್ಟಿಲ್ಲದಿದ್ರ ಸಾಕು.

ಇವರಿಗೆ ಇದನ್ನೆಲ್ಲ ಹೇಳಿದೆ. ತಿಳೀತೋ ಇಲ್ಲೋ. ಹೇಳೂತನಕ ನನ್ನ ಬಾಯಿನೇ ನೋಡಿದ್ರು.

೨೪ ಮಾರ್ಚ್

ಬೋರ್ಡು ಉಳದದ, ಖರೆ ತುಕ್ಕ ಹಿಡದ ಡಬ್ಬಿ ಕೆಲಸಕ್ಕ ಬರೂದಿಲ್ಲ, ಅಂಥಾ ಹಳೀ ಡಬ್ಬಿ ಇನ್ನ ಎಲ್ಲೂ ಸಿಗೂದಿಲ್ಲಂತ. ಗುಲಬರ್ಗಾ ಸುಪರ್ ಮಾರ್ಕೆಟಿನ್ಯಾಗ ಅಂಗಡಿ ಅಂಗಡಿ ತಿರುಗಿ ಕಡೀಕೆ ಹೊಸಾದೇ ತಂದೆ. ಕರೀ ಡಬ್ಬಿ, ಮಗ್ಗಲಿಗೆ ಗಾಜಿನಂಥಾ ಕಿಡಕಿ, ಒಳಗ ನೀಲಿ ದೀಪದ ಫ್ಯಾನು. ಕಿಡಕಿ ಇದ್ದದ್ದೇ ಬೇಕಂತ ಹಟ ಮಾಡಿದ್ದು ನಾನೇ. ಇವರು ಹಾಸಿಗಿಯಿಂದ ಒಳಗಿಂದೆಲ್ಲ ನೋಡಬಹುದು, ದಿನಾ ಸೀಲಿಂಗ್ ಫ್ಯಾನ್ ನೋಡಿ ಸಾಕಾಗಿರಬೇಕು ಅವರಿಗೂ. ಒಳಗ ಹಾಕೋ ಬೋರ್ಡ್ ತೋರಿಸಿದೆ. ಅಂಗಡಿಯಾಂವ ಹೊಟ್ಟಿ ಹಿಡ್ಕೊಂಡು ನಕ್ಕ. ‘ಅಕ್ಕೋರ, ಮುದುಕಗ ಮದುಮಗನ ಅರಿವಿ ತೊಡಸ್ತೀರೇನು?’ ಅಂದ. ‘ಹೌದಪಾ, ನಿನಗೇನಾಗಬೇಕು’ ಅಂದೆ.

ಅತ್ತಿಯವರು ಗಾಜಿನ ಕಿಡಕಿ ನೋಡಿ, ‘ಛಂದ ಅದ. ಮಂಟಪ ಮಾಡಿ ದೇವರ ಮನ್ಯಾಗ ಇಡೋಣು’ ಅಂದ್ರು.

೨೭ ಮಾರ್ಚ್

ಹಳೀ ಬೋರ್ಡಿನ ಮೂಲ್ಯಾಗ ಒಂದು ನೀಲಿ ಬ್ಯಾಟರಿ ಅದ. ತಾರೀಖು, ವೇಳೆ ಎಲ್ಲ ನೆನಪಿಡೂದು ಅದರ ಕೆಲಸ. ಅದು ಸೋರಿ ಸುತ್ತಲೂ ಹಸರ ಕಿಲುಬು ಹತ್ಯದ. ಒಂಬತ್ತನೇತ್ತೆ ಹುಡುಗ್ಯಾರಿಗೂ ಗೊತ್ತಿರೋ ವಿಷಯ, ಕ್ಷಾರ ಸೋರಿದ್ರ ಆಮ್ಲ ಹಚ್ಚಬೇಕು. ಬ್ಯಾಟರಿ ಕತ್ತರಿಸಿ ತೆಗದು, ಹತ್ತಿಗೆ ನಿಂಬಿಹಣ್ಣಿನ ರಸ ಹಚ್ಚಿ ತಿಕ್ಕಿದೆ. ಬುರುಬುರು ನೊರಿ ಬಂತು! ಖುಷಿಗೆ ಕೂಗಿದೆ, ‘ಬರ್ರಿ ಇಲ್ಲಿ, ನೋಡ್ರಿ’ ಅಂತ. ಇವರು ಏಳಲಾರರು ಅನ್ನೂದೇ ಮರತಿದ್ದೆ. ಬೋರ್ಡೇ ಒಯ್ದು ಎದಿ ಮ್ಯಾಲ ಹಿಡದು ತೋರಿಸಿದೆ.

೧ ಏಪ್ರಿಲ್, ರವಿವಾರ

ಬೋರ್ಡು ಡಬ್ಬಿಯೊಳಗ ಕುಂದ್ರವಲ್ದು. ಹೊಸಾ ಡಬ್ಬಿಯ ಸ್ಕ್ರೂ ತೂತು ಒಂದು ಕಡೆ, ಹಳೀ ಬೋರ್ಡಿನವು ಇನ್ನೊಂದು ಕಡೆ. ಭಾಳ ಅಂದ್ರ ಮೂರು ಕೂಡ್ತಾವ. ಕೂಡಲಾರದ ಕಡೆ ಇದ್ದ ಹಿತ್ತಾಳಿ ಕಾಲು ಬಿಚ್ಚಿ ತೆಗದೆ, ಇಲ್ಲಾಂದ್ರ ಬೋರ್ಡಿನ ತಳಕ್ಕ ತಾಗಿ ಸುಡ್ತದ. ಅಳ್ಳಾಡೋ ಮೂಲಿಗೆ ಹವಾಯಿ ಚಪ್ಪಲಿ ರಬ್ಬರ್ ಕತ್ತರಿಸಿ ಕೊಟ್ಟೆ.

‘ಚಪ್ಪಲಿನ್ನ ಮಂಟಪದಾಗ ಇಟ್ಯಾ?’ ಅಂತ ಅತ್ತಿಯವರು ಗಲ್ಲ ಬಡಕೊಂಡ್ರು. ದೇವರ ಮನಿ ವಿಚಾರ ಅಲ್ಲಿಗೆ ಬಿಟ್ರು. ಪುಣ್ಯಾ ಬಂತು.

೯ ಏಪ್ರಿಲ್

ಹೊಸಾ ಡಬ್ಬಿಯ ಕರೆಂಟಿನ ಪ್ಲಗ್ ಒಂದೇ ದೊಡ್ಡದು, ಹಳೀ ಬೋರ್ಡಿಗೆ ಎರಡು ಸಣ್ಣವು ಬೇಕು. ನಡುವ ಜೋಡಿಸೋ ವೈರು ಹೈದ್ರಾಬಾದದಾಗ ಸಿಕ್ತು. ನನ್ನ ತಮ್ಮ ಪವಮಾನ ಸೇಡಂದಾಗ ಇರತಾನ, ಹೈದ್ರಾಬಾದ ಬಸ್ಸಿನ ಕಂಡಕ್ಟರ್ ಕೈಲೆ ತರಿಸಿ ಮುಟ್ಟಿಸಿದ. ಎರಡು ಪ್ಲಗ್ ಹಚ್ಚುವಾಗ ಎರಡರ ಕರೀ ವೈರುಗಳೂ ನಡುವ ಬಾಜುಬಾಜು ಬರಬೇಕಂತ. ತಿರುವುಮುರುವು ಆದ್ರ ಬೋರ್ಡು ಖತಂ. ಕರಿ ಕರಿ ಬಾಜು, ಕರಿ ಕರಿ ಬಾಜು ಅಂತ ಜಪ ಮಾಡ್ಕೋತ ಹಚ್ಚಿದೆ.

ಚಾಲೂ ಆತು! ನೀಲಿ ದೀಪ ಬಂತು, ಫ್ಯಾನ್ ತಿರಗಿತು, ಪರದೆ ಮ್ಯಾಲ ಬಿಳೀ ಅಕ್ಷರ ಬಂದ್ವು. ಅತ್ತಿಯವರು ಹಿಂದಿನಿಂದ ಬಂದು ‘ಶುಭವಾಗಲಿ’ ಅಂತ ಒಂದು ಮುಷ್ಟಿ ಅಕ್ಷತಿ ಹಾಕಿಬಿಟ್ರು. ಡಬ್ಬಿಯ ನೆತ್ತಿ ಮ್ಯಾಲ ಗಾಳಿ ಜಾಳಿಗಿ ಅದ. ಅಕ್ಕಿಕಾಳು ಸೀದಾ ಫ್ಯಾನಿನೊಳಗ! ಕಟಕಟಕಟ ಅಂತ ನಿಂತಿತು. ನಾ ಬಾಯಿಗೆ ಬಂದಂಗ ಒದರಿದೆ, ಅವರು ಅಳಮಾರಿ ಮಾಡಿದ್ರು. ಅಷ್ಟೊತ್ತಿಗೆ ಹಾಸಿಗಿ ಮ್ಯಾಲಿಂದ ಒಂದು ಸಪ್ಪಳ ಬಂತು. ಹೊಳ್ಳಿ ನೋಡ್ತೀವಿ, ಇವರು ನಗಲಿಕತ್ತಾರ. ಅರ್ಧಾ ಮಾರಿ ಅಷ್ಟೇ ನಗತದ, ಆದ್ರೂ ನಗಿ ಅದು. ಅತ್ತಿ ಸೊಸಿ ಇಬ್ಬರೂ ಕುಂತು ಮೂಗುಬಟ್ಟಿನ ಚಿಮಟಿಗಿಲೆ ಒಂದೊಂದೇ ಕಾಳು ತೆಗದ್ವಿ.

೧೨ ಏಪ್ರಿಲ್

ಬ್ಯಾಟರಿ ಇಲ್ಲಲ, ಅದಕ್ಕ ಡಬ್ಬಿಗೆ ಏನೂ ನೆನಪಿರೂದಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗ ಇವತ್ತು ೧೯೮೦ನೇ ಇಸವಿ ಜನವರಿ ಅಂತದ. ನಾ ಒಂದು ಗುಂಡಿ ಒತ್ತಿ, ಆಗಲಿ ಮುಂದ ನಡಿ ಅನ್ನಬೇಕು, ಆಮ್ಯಾಲ ಫ್ಲಾಪಿಯಿಂದ ಎಲ್ಲ ಸರಿಯಾಗಿ ಓದತದ. ಇದಕ್ಕೂ ನೆನಪಿಲ್ಲ, ಇವರಿಗೂ ನೆನಪಿಲ್ಲ, ಎಂಥಾ ಜೋಡಿ ಕೂಡಿ ಬಂದದ ನೋಡು ನನ್ನ ಮನಿಗೆ ಅಂತ ಅಂದ್ಕೊಂಡೆ. ಅಳು ಬಂತು.

ಇವರನ್ನ ಕುರ್ಚಿಗೆ ತಲಿದಿಂಬು ಕೊಟ್ಟು ಕುಂದ್ರಿಸಿದೆ. ಎಡಗೈ ತಾನೇ ಗುಂಡಿ ಹುಡುಕಿತು. ಚೆಂಡು ಬಂತು, ಕೈ ಮುಟ್ಟೂದ್ರಾಗ ಬಿದ್ದು ಹೋತು. ಈ ಹಳೀದೂ ಇವರಿಗೆ ಜೋರೇ ಆಗ್ಯದ ಈಗ.

೧೫ ಏಪ್ರಿಲ್, ರವಿವಾರ

ಹಳೀ ಡಬ್ಬಿಗೆ ಒಂದು ಗುಂಡಿ ಇತ್ತು, ‘ಟರ್ಬೋ’ ಅಂತ. ಅದನ್ನ ಒತ್ತಿದ್ರ ಬೋರ್ಡು ಬೇಕಂತಲೇ ನಿಧಾನ ಆಗತದಂತ, ಇಂಥಾ ಆಟಗಳ ಸಲುವಾಗೇ. ನಿಧಾನ ಆಗೋ ಗುಂಡಿಗೆ ಜೋರಿನ ಹೆಸರು! ಇಟ್ಟಾಂವ ಯಾರೋ ಮಾರಾಯ. ಹೊಸಾ ಡಬ್ಬಿಗೆ ಆ ಗುಂಡಿ ಇಲ್ಲ, ಖರೆ ಬೋರ್ಡಿನ ಮ್ಯಾಲ ಅದರ ಎರಡು ಮುಳ್ಳು ಅವ. ಹೊಸಾ ಡಬ್ಬಿಯ ಬ್ಯಾರೆ ಗುಂಡಿ ಹಚ್ಚಿ ನೋಡಿದೆ. ಅದು ಒತ್ತಿ ಹಿಡದಷ್ಟೊತ್ತು ಅಷ್ಟೇ, ಬಿಟ್ರ ಮತ್ತ ಓಟ. ಒಮ್ಮೆ ಒತ್ತಿದ್ರ ಹಂಗೇ ನಿಂದರೋ ಸ್ವಿಚ್ ಬೇಕು.

ಎಲ್ಲಿ ಸಿಗತದ ಅಂತ ಯೋಚನಿ ಮಾಡ್ಕೋತ ಮಲಗಿದ್ದೆ, ಮಾರಿ ಮುಂದೇ ಜೋತಾಡ್ಲಿಕತ್ತಿತ್ತು. ಹಾಸಿಗಿ ಮಗ್ಗಲಿನ ಬೆಡ್ ಸ್ವಿಚ್, ಪೇರಲಕಾಯಿಯಂಥಾದ್ದು! ಕತ್ತರಿಸಿ ತಂದು ಹಚ್ಚಿದೆ. ಒತ್ತಿದೆ. ಚೆಂಡು ಮೆಲ್ಲಕ ತೇಲ್ಕೋತ ಬಂತು. ಇವರ ಪಟ್ಟಿ ಹೋಗಿ ಅದನ್ನ ಹಿಡೀತು. ಟಕ್, ಒಂದು ಇಟ್ಟಂಗಿ ಒಡೀತು.

ನಾ ಯಾಕ ಕುಣದೆ ಅಂತ ಅತ್ತಿಯವರು ಕೇಳಿದ್ರು. ಕುಣದೆನೇನು ನಾ?

೩ ಮೇ

ಒಂದು ಸಾಲು ಒಡದ್ರು.

೧೧ ಮೇ

ಕರೆಂಟ್ ಇಲ್ಲ. ಇಬ್ಬರೂ ಸುಮ್ನ ಡಬ್ಬಿ ನೋಡ್ಕೋತ ಕುಂತಿದ್ವಿ.

೨೦ ಮೇ, ರವಿವಾರ

ಇವರು ಆಡಿ ದಣದಾಗ ನಾ ಕುಂದರತೀನಿ. ಚೆಂಡು ಹೊಡಿಯೂದು ಮುಖ್ಯ ಅಲ್ಲ, ಪಟ್ಟಿಯ ಯಾವ ತುದಿಗೆ ಹೊಡೀತೀವಿ ಅನ್ನೂದ್ರ ಮ್ಯಾಲ ಅದರ ಕೋನ ಬದಲಾಗತದ. ಸಂದಿನ್ಯಾಗ ಒಮ್ಮೆ ಮ್ಯಾಲ ಹತ್ತಿಸಿದ್ರ ತಾನೇ ಒಳಗೊಳಗ ಒಡಕೋತ ಇರತದ, ನೀವು ಕೈ ಕಟ್ಟಿ ಕುಂದರಬಹುದು. ಇದನ್ನ ಇವರು ತೋರಿಸಿಕೊಟ್ರು, ಬೆರಳು ಪರದೆ ಮ್ಯಾಲ ಇಟ್ಟು. ನಾ ತಪ್ಪು ಮಾಡಿದ್ರ ನಾಲಿಗಿ ‘ಚ್ಚ್’ ಅಂತಾರ. ಈಗ ‘ಅವ್ವ’ ಮತ್ತ ‘ಚ್ಚ್’, ಎರಡು ಮಾತಾದ್ವು.

೧೭ ಜೂನ್, ರವಿವಾರ

ಸಾಲಿ ಚಾಲೂ ಆಗ್ಯದ. ಮೂಲ್ಯಾಗ ಬಿದ್ದಿದ್ದ ಅಲ್ಲಿಯ ಕಂಪ್ಯೂಟರ್ ಒಂದು ಬಿಚ್ಚಿ ನೋಡಿದೆ, ಧೂಳು ಅಷ್ಟೇ, ಶುರುವಾತು. ಅದಿರಲಿ.

ಇವತ್ತು ಇವರು ಎಲ್ಲಾ ಇಟ್ಟಂಗಿ ಒಡದ್ರು! ಮೊದಲನೇ ನಂಬರ್. ಆಟ ಹೆಸರು ಕೇಳ್ತು, ಇಂಗ್ಲಿಷಿನ ಮೂರೇ ಅಕ್ಷರ. ಗುಂಡಿ ಒತ್ತಿದಂಗ ಎ ಬಿ ಸಿ ಅಂತ ಅಕ್ಷರ ಉರಳತಾವ, ಬೇಕಾದ್ದು ಬಂದಾಗ ನಿಂದರಿಸಬೇಕು. ತಮ್ಮ ಹೆಸರಿನ ಅಕ್ಷರ ನೆನಪದನೋ ನೋಡೋಣು. ಇವರ ಹೆಸರಿನ ಮೊದಲನೇ ಅಕ್ಷರ ಡಿ ಬಂತು. ದಾಟಿ ಹೋತು. ಹೋಗಿ ಐ ಮ್ಯಾಲ ನಿಂತಿತು. ಆಮ್ಯಾಲ ಕೆ. ಆಮ್ಯಾಲ ಮತ್ತ ಐ.

ಐ, ಕೆ, ಐ. ಏನೂ ಅರ್ಥ ಇಲ್ಲ. ‘ಇದಲ್ಲ, ನಿಮ್ಮ ಹೆಸರು ಹಾಕ್ರಿ’ ಅಂದೆ. ಇವರು ನನ್ನ ಮಾರಿ ನೋಡಿ ಪರದೆ ತೋರಿಸಿದ್ರು. ಮತ್ತ ನನ್ನ ಮಾರಿ, ಮತ್ತ ಪರದೆ. ‘ಚ್ಚ್’ ಅಂದ್ರು. ಅಕ್ಷರನೂ ಹೋಗ್ಯಾವ ಹಂಗಾದ್ರ. ಇಷ್ಟು ಮಾಡಿ ಏನು ಬಂತು ಅನಿಸ್ತು. ಚಹಾ ಮಾಡ್ತೀನಿ ಅಂತ ಎದ್ದು ಹೋಗಿ ಒಲಿ ಮುಂದ ಅತ್ತುಬಿಟ್ಟೆ.

೨೪ ಜೂನ್, ರವಿವಾರ

ಮತ್ತ ಐ, ಕೆ, ಐ. ಸುಮ್ನ ಬಂದದ್ದಲ್ಲ ಇದು. ತಪ್ಪು ಅಂದ್ರ ಪ್ರತಿ ಸಲ ಬ್ಯಾರೆ ಬ್ಯಾರೆ ಬರಬೇಕಿತ್ತು. ಯಾರರ ಮೇಲಧಿಕಾರಿ ಹೆಸರೇನು? ಯಾವುದರ ಸಿಮೆಂಟಿನ ನಮೂನಿಯೇನು? ಅತ್ತಿಯವರಿಗೆ ಕೇಳಿದ್ರ, ‘ನನಗೇನು ಇಂಗ್ಲೀಷ್ ಬರತದ’ ಅಂದ್ರು.

೬ ಜುಲೈ

ಸಾಲಿಯಿಂದ ಬಂದಕೂಡ್ಲೇ ಬರೀಲಿಕ್ಕೆ ಕುಂತೀನಿ.

ಸಾಲ್ಯಾಗ ಊಟದ ಹೊತ್ತಿಗೆ ಮಗಳ ಮೆಸೇಜ್ ಬಂತು. ಈಗಿನ ಹುಡುಗ್ಯಾರು ಕನ್ನಡ ಮಾತನ್ನ ಇಂಗ್ಲಿಷ್ ಅಕ್ಷರದಾಗ ಬರೀತಾರಲ, ಹಂಗ. ‘ಅಮ್ಮಾ, ನಾಳೆ ಗೆಳತಿನ್ನ ಕರ್ಕೊಂಡು ಬರತೀನಿ. ಇಕಿ ಸುಲೇಪೇಟದಾಕಿ. ಇಕಿಗೆ ಅಪ್ಪನ ಡಬ್ಬಿ ನೋಡಬೇಕಂತ.’ ನಾ ತುತ್ತು ಬಾಯಿಗಿಡ್ಕೋತ ಓದಿದೆ. ಒಂದು ಶಬ್ದದ ಮ್ಯಾಲ ಕಣ್ಣು ನಿಂತುಬಿಡ್ತು. ಐ, ಕೆ, ಐ.

ಇಕಿ.

‘ಇಕೀಗೆ ಕೇಳ್ರಿ.’ ‘ಇಕಿ ಬರೂದಿಲ್ಲಂತ.’ ‘ಇಕಿ ಮಾಡಿದ ಹುಳಿ ಉಂಡು ನೋಡ್ರಿ.’ ಇಪ್ಪತ್ತಮೂರು ವರ್ಷ ಇವರು ನನಗ ವಿಜಯಶ್ರೀ ಅಂತ ಒಮ್ಮೆನೂ ಕರದಿಲ್ಲ. ಮಂದಿ ಮುಂದ ನಾ ಇಕಿ. ಇವರ ಬಾಯಾಗ ನನ್ನ ಹೆಸರೇ ಅದು. ಆ ಡಾಕ್ಟರ್ ‘ಹೆಸರು ಹೇಳಿ’ ಅಂದ್ರ ಇವರು ಎಲ್ಲಿಂದ ತರಬೇಕು? ‘ವಿಜಯಶ್ರೀ ಎಲ್ಲಿ’ ಅಂದ್ರ ಬಾಗಲ ನೋಡದ ಇನ್ನೇನು ಮಾಡಬೇಕು? ನಾವೆಲ್ಲ ಕೂಡಿ ಇವರಿಗೆ ತಪ್ಪು ಶಬ್ದ ಕೇಳೀವಿ. ನನಗರ ತಿಳೀಬ್ಯಾಡೇನು, ಇವರ ಹೆಸರು ಬಾಯಿಗೆ ಬಾರದ ಹೆಂಗಸಿಗೆ!

ಅಬ್ದುಲ್ ಕರೀಮ್ ಸಾಹೇಬ್ರಿಗೆ ಫೋನ್ ಹಚ್ಚಿ ಕೇಳಿದೆ, ಆಫೀಸಿನ್ಯಾಗ ಇವರು ಗೆದ್ರ ಯಾವ ಹೆಸರು ಹಾಕತಿದ್ರು ಅಂತ.

‘ಐ ಕೆ ಐ ಭಾಬೀ! ಮ್ಯಾಲಿಂದ ತಳದತನಕ ಅದೇ. ಯಾರದ್ರೀ ಇದು ಅಂತ ನಾವು ಚಾಷ್ಟಿ ಮಾಡತಿದ್ವಿ. ಮನ್ಯಾಗಿಂದು ಅಂತಿದ್ರು. ಮನ್ಯಾಗ ನಾಯಿ ಸಾಕ್ಯಾರ, ಅದರ ಹೆಸರಿರಬೇಕು ಅಂತ ತಿಳದಿದ್ವಿ.’

ನಾನೇರೀ ಆ ನಾಯಿ ಅಂದೆ. ಅವರು ‘ತೋಬಾ ತೋಬಾ’ ಅಂದು ಫೋನ್ ಇಟ್ರು. ಸ್ಟಾಫ್ ರೂಮಿನ್ಯಾಗ ಎಲ್ಲಾರೂ ನನ್ನೇ ನೋಡ್ಲಿಕತ್ತಿದ್ರು. ನಗಲಿಕತ್ತಿದ್ದೆನೋ ಅಳಲಿಕತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

೨೧ ಜುಲೈ

ಮಾತಿನ ಡಾಕ್ಟರ್ ಹತ್ರ ಹೋಗಿದ್ವಿ. ‘ಈ ಸಲ ನಾ ಹೇಳಿದಂಗ ಕೇಳ್ರಿ. ಇಕಿ ಎಲ್ಲಿ ಅಂತ ಕೇಳ್ರಿ’ ಅಂದೆ.

‘ಇಕಿ ಎಲ್ಲಿ?’ ಅಂತ ಆಕಿ ತೊದಲಿ ಕೇಳಿದ್ಲು. ಮಾತು ಮುಗಿಯೂದ್ರಾಗ ಇವರ ಎಡಗೈ ಎದ್ದು ನನ್ನ ಭುಜದ ಮ್ಯಾಲ ಬಂದು ಬಿತ್ತು. ಇಂಥಾ ಸಾದಾ ಪ್ರಶ್ನೆ ಕೇಳ್ಲಿಕ್ಕೆ ಇಷ್ಟು ತಿಂಗಳು ಬೇಕಾತೇನು ಅನ್ನೋಹಂಗ ಡಾಕ್ಟರಿನ್ನ ನೋಡಿದ್ರು.

‘ಇಕಿ ಅಂದ್ರೆ ಯಾರು ಮೇಡಂ?’

‘ನಾನರಿ’ ಅಂದೆ. ‘ನಿಮ್ಮ ಕಡೆ ಈಕೆ ಅಂತಾರಲ, ಅದೇ.’

ವಾಪಸ್ ಗಾಡಿಯೊಳಗ ಕಿಡಕಿ ಮಗ್ಗಲಿನ ಜಾಗಾ ಸಿಕ್ತು. ಇವರ ಕೈ ಹಂಗೇ ಇತ್ತು.

೧೨ ಆಗಸ್ಟ್, ರವಿವಾರ

ಭಾಳ ದಿನ ಬರದೇ ಇಲ್ಲ. ಬಿಡುವಿಲ್ಲ. ಮಗ್ಗಲಮನಿ ಲಾಲಮ್ಮನ ಮಿಕ್ಸರ್, ಸಾಲಿಯ ಇನ್ನೊಂದು ಕಂಪ್ಯೂಟರ್, ಎಲ್ಲಾರೂ ನನ್ನ ಹತ್ರ ತರತಾರ ಈಗ, ಯಾಕೋ ಗೊತ್ತಿಲ್ಲ.

ಇವತ್ತು ಮಧ್ಯಾಹ್ನ ನಾ ಇವರನ್ನ ಸೋಲಿಸಿದೆ. ಕಡೀ ಇಟ್ಟಂಗಿಗೆ ಇವರು ಆಟದ ನಡುವ ಬೆಡ್ ಸ್ವಿಚ್ ಒತ್ತಿ ಚೆಂಡು ಜೋರ್ ಮಾಡಿದ್ರು, ಮೋಸಗಾರರು. ಆದ್ರೂ ಹೊಡದೆ. ಇವರ ಐ ಕೆ ಐ ಎರಡನೇ ನಂಬರಿಗೆ ಇಳೀತು, ಆಟ ನನ್ನ ಹೆಸರು ಕೇಳ್ತು.

ವಿ ಹಾಕಬೇಕಂತಿದ್ದೆ. ಇವರು ಮಗ್ಗಲದಾಗ ಕುಂತು ಪರದೆ ನೋಡ್ಲಿಕತ್ತಿದ್ರು. ಅಕ್ಷರ ಉರಳಿಸಿದೆ. ಐ ಹತ್ರ ನಿಂದರಿಸಿದೆ. ಆಮ್ಯಾಲ ವಿ. ಆಮ್ಯಾಲ ಆರ್. ಪೂರಾ ಬರೀಲಿಕ್ಕೆ ಜಾಗಾ ಇಲ್ಲ, ಮೂರರಾಗೇ ಆತು.

ಇವರು ಬೆರಳು ಪರದೆ ಮ್ಯಾಲ ಇಟ್ಟು ಒಂದೊಂದೇ ಅಕ್ಷರ ಓದಿದ್ರು. ಐ. ವಿ. ಆರ್. ಹೊಳ್ಳಿ ನನ್ನ ಮಾರಿ ನೋಡಿದ್ರು.

ಅತ್ತಿಯವರು ಅಡಗಿಮನಿಯಿಂದ ಕೂಗಿದ್ರು, ‘ಯಾರು ಗೆದ್ರೇ?’

‘ಇವರು’ ಅಂದೆ.

ಇವರು ತಲಿ ಅಲ್ಲಾಡಿಸಿ ‘ಚ್ಚ್’ ಅಂದ್ರು. ಎಡಗೈ ಎತ್ತಿ ನನ್ನ ಕಡೆ ಬೆರಳು ಮಾಡಿದ್ರು.